ತಾಮ್ರದ ಬೆನ್ನ ಮೇಲಿನ ಏಟು

ಕಂತು ಏಳು

"ನಿಮ್ಮ ಕಾಲರ್ ತಿರುಗಿಸ್ಬೇಕು ಸಾರ್," ಎಂದರು ಟೈಲರ್ ಮಾಸ್ಟರ್.

ನಿಧಾನಪ್ಪ ರಸ್ತೆಯಾಚೆಯ ಮನೆಯ ಮಹಡಿ ಕಿಟಕಿಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ "ಆಂ?" ಎಂದ. ಅದು ಅವನ ನಿಜವಾದ ಹೆಸರಲ್ಲ. ಪೊಲೀಸ್ ಕೆಲಸದಲ್ಲಿದ್ದಾಗ ಜೊತೆಯವರು ಕಟ್ಟಿದ ಹೆಸರು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ನಿಧಾನವೇ ಪ್ರಧಾನ ಎಂದುಕೊಂಡು ಖಾಸಗಿ ಪತ್ತೇದಾರಿಯ ಬೋರ್ಡಿನ ಮೇಲೂ ಅದನ್ನೇ ಬರೆಸಿಬಿಟ್ಟಿದ್ದ.

"ಕಾಲರ್ ಸಾರ್, ಕಾಲರ್. ಮಡಿಕೆ ಹತ್ರ ನೂಲು ಎದ್ದಿದೆ ನೋಡಿ. ಬಿಚ್ಚಿ, ಸವೆದ ಕಡೆ ಒಳಗೆ ಮಾಡಿ ಕೈಹೊಲಿಗೆ ಹಾಕಿದ್ರೆ ಆಯ್ತು. ಒಂದು ಬದಿ ಎರಡು ವರ್ಷ ಬಾಳುತ್ತೆ, ತಿರುಗಿಸಿದ್ರೆ ಇನ್ನೆರಡು ವರ್ಷ. ಶರ್ಟಿಗೆ ಎರಡು ಜನ್ಮ ಅಂತೀವಿ ನಾವು."

"ಮನುಷ್ಯನಿಗೂ ಹಾಗೇ ತಿರುಗಿಸಿ ಹೊಲಿಯೋ ಹಾಗಿದ್ದಿದ್ರೆ ನಿಮ್ಮ ಅಂಗಡಿ ಮುಂದೆ ಸಾಲು ನಿಂತಿರೋದು, ಮಾಸ್ಟರ್."

ಮಾಸ್ಟರ್ ನಗಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊರಗೆ ಇಷ್ಟು ಸೆಕೆಯಿದ್ದರೂ ಅವರ ಮೈಮೇಲೆ ಅದೇ ಹಳೆಯ ಕಂದು ಕೋಟು. ಊರವರ ಬಟ್ಟೆಯ ಕೊರತೆಯನ್ನು ದೂರದಿಂದಲೇ ಹೇಳುವವರ ಕೋಟಿನ ಎಡಭಾಗ ಮಾತ್ರ ಹಲಗೆಯ ಹಾಗೆ ಸೆಟೆದು ನಿಂತಿತ್ತು. ಒಳಗಿನ ಅಸ್ತರಿಗೆ ಬೇರೆ ಬಣ್ಣದ ನೂಲಿನ ಹೊಲಿಗೆ. ದೀಪದ ಬುಡದಲ್ಲೇ ಕತ್ತಲೆ ಎಂದುಕೊಂಡು ನಿಧಾನಪ್ಪ ಸುಮ್ಮನಾಗಿದ್ದ.

ಇಪ್ಪತ್ತೆರಡು ವರ್ಷದ ಹಿಂದೆ ಮನೆ ಬಿಟ್ಟುಹೋದ ಅವರ ಒಬ್ಬನೇ ಮಗನ ಮುಖ, ಈಗ ಒಬ್ಬ ಹೆಸರಾಂತ ಕಲಾವಿದೆಯ ಹಳೆಯ ತಾಮ್ರದಚ್ಚಿನ ಎಚಿಂಗ್ ಚಿತ್ರವಾಗಿ ಪತ್ರಿಕೆಯಲ್ಲಿ ಅಂಚೆಚೀಟಿಯಷ್ಟಗಲ ಅಚ್ಚಾಗಿತ್ತು. 'ಮಲಗಿದ ತರುಣ' ಎಂದು ಕೆಳಗೆ ಹೆಸರು. ಯಾರೋ ಸಂಗ್ರಾಹಕರು ತೀರಿಕೊಂಡ ಮೇಲೆ ಅವರ ಮನೆಯಿಂದ ಹೊರಬಂದ ಚಿತ್ರವಂತೆ. ನಿಧಾನಪ್ಪ ಅದನ್ನಿಟ್ಟಿದ್ದ ಪ್ರದರ್ಶನಕ್ಕೆ ಹೋಗಿ ನೋಡಿ ಬಂದಿದ್ದ. ಮಾಸ್ಟರ್ ಹೋಗಿರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ.

ಇವತ್ತು ಆ ಕಲಾವಿದೆಯ ಮನೆಯೆದುರಿಗೇ ಬಂದು ಕೂತರೂ ಅದೇ ರಾಗ.

"ನೀವೇ ಹೋಗಿ ಬನ್ನಿ ಸಾರ್. ನಂಗೆ ಮೆಟ್ಟಿಲು ಹತ್ತೋಕೆ ಮಂಡಿ ಬಿಡಲ್ಲ."

ನಿಧಾನಪ್ಪನ ಕಚೇರಿ ಇರುವುದು ಎರಡನೇ ಮಹಡಿಯಲ್ಲಿ. ಅಲ್ಲಿಗೆ ಇದೇ ಮಂಡಿ ವಾರಕ್ಕೆರಡು ಸಲ ಹತ್ತಿ ಬರುತ್ತಿತ್ತು. ಅವನು ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ.

"ಏನು ಕೇಳಲಿ?"

"ಮಲಗಿದ್ನಾ ಅಂತ ಕೇಳಿ." ಮಾಸ್ಟರ್ ಕೋಟಿನ ಎಡಭಾಗ ನೇವರಿಸಿಕೊಂಡರು. "ಎಲ್ಲಿದ್ದಾನೆ ಅಂತ ಕೇಳಿ. ಸಿಕ್ಕಿದ್ರೆ ಅವನ ಹತ್ರ ಒಂದು ಮಾತು ವಾಪಸ್ ತಗೋಬೇಕು. ಅಷ್ಟೇ ಸಾರ್. ಆಮೇಲೆ ಅವನು ಬರಲಿ, ಬಿಡಲಿ."

"ಏನು ಮಾತು?"

ಮಾಸ್ಟರ್ ಬಾರದ ಬಸ್ಸನ್ನು ನೋಡತೊಡಗಿದರು.

ಕಣ್ಣು ಮುಚ್ಚಿದ ಮುಖ ಎರಡು ಥರದ್ದಿರುತ್ತದೆ, ನಿದ್ದೆಯದು ಮತ್ತು ಸಾವಿನದು. ಪೊಲೀಸ್ ಕೆಲಸದಲ್ಲಿ ನಿಧಾನಪ್ಪ ಎರಡನೆಯ ಥರದ್ದನ್ನೇ ಹೆಚ್ಚು ನೋಡಿದ್ದ. ಪ್ರದರ್ಶನದ ಗಾಜಿನ ಹಿಂದಿದ್ದ ಆ ಮುಖದಲ್ಲಿ ನಿದ್ದೆಯ ಸಡಿಲ ಇರಲಿಲ್ಲ. ರೆಪ್ಪೆಗಳು ಬಿಗಿಯಾಗಿದ್ದವು. ಅದನ್ನು ಈ ಮುದುಕರಿಗೆ ಹೇಳುವ ಧೈರ್ಯ ಬಾರದೆ ಅವನು ರಸ್ತೆ ದಾಟಿದ.

*

ಬೀದಿಯಿಂದಲೇ ನೇರ ಮೇಲಕ್ಕೆ ಮೆಟ್ಟಿಲು. ಮೇಲೆ ಒಂದು ಬಾಗಿಲು. ಕಲಾವಿದೆ ಬಾಗಿಲು ತೆರೆದು, ಅವನು ತೋರಿಸಿದ ಕಾರ್ಡನ್ನು ಓದದೆಯೇ "ಬನ್ನಿ" ಎಂದಳು. ಐವತ್ತರ ಹತ್ತಿರದ ಹೆಂಗಸು. ಕೂದಲನ್ನು ಪೆನ್ಸಿಲ್ ಚುಚ್ಚಿ ಗಂಟು ಹಾಕಿಕೊಂಡಿದ್ದಳು.

ಒಳಗೆ ಕಾಲಿಡುತ್ತಲೇ ಮೊಣಕೈಗೆ ಏನೋ ತಾಗಿತು. ಬಾಗಿಲ ಪಕ್ಕದಿಂದ ಗೋಡೆಯುದ್ದಕ್ಕೂ ಒಳಕೋಣೆಯವರೆಗೆ ಸೊಂಟದೆತ್ತರಕ್ಕೆ ಒಂದು ಹಗ್ಗ ಎಳೆದು ಕಟ್ಟಿದ್ದರು. ಒದ್ದೆ ಅಚ್ಚುಗಳನ್ನು ಒಣಹಾಕಲು ಇರಬೇಕು ಎಂದುಕೊಂಡ. ಹಗ್ಗದ ಮೇಲೆ ಕ್ಲಿಪ್ ಒಂದೂ ಇರಲಿಲ್ಲ. ಎಣ್ಣೆ ಸವರಿದ ಹಾಗೆ ನುಣುಪಾಗಿತ್ತು.

ಕೋಣೆಯ ಗೋಡೆಗೊರಗಿದ ದೊಡ್ಡ ದೊಡ್ಡ ಕ್ಯಾನ್ವಾಸುಗಳಲ್ಲಿ ನಾಲ್ಕೈದು ಗೆರೆ, ಎರಡು ಬಣ್ಣ, ಅಷ್ಟೇ. ಮೂಲೆಯಲ್ಲಿ ಅಚ್ಚಿನ ಯಂತ್ರ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿತ್ತು. ಕಿಟಕಿಯಲ್ಲಿ ಅಗಲವಾದ ಬಿಳಿ ತಟ್ಟೆಯೊಂದರಲ್ಲಿ ಮಣ್ಣು ತುಂಬಿ ಹಸಿರು ಬಳ್ಳಿ ಬೆಳೆಸಿದ್ದಳು. ಒಳಕೋಣೆಯ ಮುಚ್ಚಿದ ಬಾಗಿಲ ಹಿಂದೆ ರೇಡಿಯೋ ಮಾತಾಡುತ್ತಿತ್ತು.

"ಒಬ್ಬಳೇ ಇರ್ತೀನಲ್ಲ, ಜೊತೆಗಿರಲಿ ಅಂತ ಹಾಕಿರ್ತೀನಿ," ಎಂದಳು, ಅವನು ಕೇಳದಿದ್ದರೂ.

"ತಟ್ಟೆ ಚೆನ್ನಾಗಿದೆ."

"ಆಸಿಡ್ ತಟ್ಟೆ ಅದು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜೀಲಿ ಗೀಚಿ, ಅದರೊಳಗೆ ಮುಳುಗಿಸೋದು. ಗೀಚಿದ ಕಡೆಯೆಲ್ಲ ಆಸಿಡ್ ಕಚ್ಚುತ್ತೆ. ಕಚ್ಚಿದ ಗೆರೆಗೆ ಮಸಿ ತುಂಬಿ ಕಾಗದಕ್ಕೆ ಒತ್ತಿದ್ರೆ ಚಿತ್ರ. ಈಗ ಅದೆಲ್ಲ ಬಿಟ್ಟುಬಿಟ್ಟೆ."

"ಯಾಕೆ ಬಿಟ್ರಿ?"

"ವಿಮರ್ಶಕರನ್ನ ಕೇಳಿ, ಪುಸ್ತಕಾನೇ ಬರೆದಿದ್ದಾರೆ. ಆಧುನಿಕತೆಯ ಕಡೆಗೆ ಜಿಗಿತ ಅಂತೆ."

ಅವಳ ದನಿ ತಗ್ಗಿತ್ತು. ಪಕ್ಕದಲ್ಲಿ ಯಾರೋ ಪರೀಕ್ಷೆಗೆ ಓದುತ್ತಿದ್ದಾರೆ ಎನ್ನುವ ಹಾಗೆ ಮಾತಾಡುತ್ತಿದ್ದಳು. ನಿಧಾನಪ್ಪನೂ ದನಿ ತಗ್ಗಿಸಿದ.

"'ಮಲಗಿದ ತರುಣ' ಯಾರು?"

"ದುಡ್ಡು ಕೊಟ್ಟು ಕೂರಿಸಿದ ಹುಡುಗ. ನಾನಿನ್ನೂ ಕಲೀತಿದ್ದೆ ಆಗ. ಮಾಡೆಲ್‌ಗಳು ಬರೋರು, ಹೋಗೋರು. ಹೆಸರು ನೆನಪಿಲ್ಲ."

"ಕೂರಿಸಿದ್ದು ಅಂತೀರಿ. ಚಿತ್ರದಲ್ಲಿ ಮಲಗಿದ್ದಾನಲ್ಲ?"

"ಕೂತಲ್ಲೇ ನಿದ್ದೆ ಹೋದ." ಅವಳು ತಡಮಾಡದೆ ಹೇಳಿದಳು.

"ತಗಡು ಇದೆಯಾ? ನೋಡಬಹುದಾ?"

ಅವಳು ಬೇಡ ಎನ್ನಲು ಒಂದು ಕಾರಣ ಹುಡುಕಿದಳು. ಸಿಗಲಿಲ್ಲ. ಬೀರುವಿನಿಂದ ಉಣ್ಣೆ ಬಟ್ಟೆಯಲ್ಲಿ ಸುತ್ತಿದ ತಗಡನ್ನು ತಂದಳು. ಬಟ್ಟೆಯನ್ನು ಮೇಲಿನಿಂದಷ್ಟೇ ಸರಿಸಿ, ಕೆಳಗಿನಿಂದ ಹಾಗೇ ಹಿಡಿದುಕೊಂಡು ತೋರಿಸಿದಳು. ಕೂಸನ್ನು ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲದ ತಾಯಿ ಹೀಗೇ ತೋರಿಸುತ್ತಾಳೆ.

ಕೆಂಪು ತಾಮ್ರದಲ್ಲಿ ಹುಡುಗನ ಮುಖ. ಕೂದಲಿನ ಎಳೆಎಳೆಯೂ, ತುಟಿಯ ಒಡಕೂ, ಶರ್ಟಿನ ನೂಲೂ ಬಿಡದೆ ಕೊರೆದಿದ್ದಳು.

"ಈಗ ನಾಲ್ಕು ಗೆರೇಲಿ ಮುಗಿಸೋರು, ಆಗ ಇಷ್ಟೊಂದು ಗೆರೆ!"

"ಆಗ ಕಂಡಿದ್ದೆಲ್ಲ ಬೇಕಾಗಿತ್ತು ನಂಗೆ. ಏನು ಬಿಡಬೇಕು ಅಂತ ಗೊತ್ತಿರಲಿಲ್ಲ."

ನಿಧಾನಪ್ಪ ಮೆಲ್ಲಗೆ ಕೈಚಾಚಿ ತಗಡನ್ನು ತೆಗೆದುಕೊಂಡ. ಅವಳು ಕೈ ಬಿಡುವ ಮೊದಲೇ ಅದನ್ನು ಮಗುಚಿದ. ಬಟ್ಟೆ ನೆಲಕ್ಕೆ ಬಿತ್ತು.

ತಗಡಿನ ಬೆನ್ನು ಎಲ್ಲ ಕಡೆ ನುಣುಪಾಗಿತ್ತು, ಮೇಲುಭಾಗದಲ್ಲಿ ಎರಡು ಕಡೆ ಬಿಟ್ಟು. ಅಲ್ಲಿ ಸಣ್ಣ ಸುತ್ತಿಗೆಯ ಏಟುಗಳು ಒತ್ತೊತ್ತಾಗಿ ಬಿದ್ದಿದ್ದವು. ಅದಕ್ಕೂ ಕೆಳಗೆ ಇನ್ನೊಂದು ಗುಂಪು.

"ಏನಿದು?"

"ಹಳೇ ತಗಡು. ಗುಜರಿಯಿಂದ ತಂದಿದ್ದು. ಮೊದಲೇ ಇತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಅವಳು ಹಾಗೆ ತನ್ನ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಬೆರಳಲ್ಲಿ ಏನೂ ಇರಲಿಲ್ಲ.

ನಿಧಾನಪ್ಪ ತೋರುಬೆರಳನ್ನು ಬೆನ್ನ ಮೇಲಿನ ಏಟಿನ ಮೇಲಿಟ್ಟ. ಹೆಬ್ಬೆರಳನ್ನು ಮುಂದಿನಿಂದ ಸರಿಯಾಗಿ ಅದರೆದುರಿಗೆ ಒತ್ತಿ, ತಗಡನ್ನು ತಿರುಗಿಸಿ ನೋಡಿದ. ಹೆಬ್ಬೆರಳು ಹುಡುಗನ ಮುಚ್ಚಿದ ಕಣ್ಣಿನ ಮೇಲಿತ್ತು. ಇನ್ನೊಂದನ್ನೂ ಹಾಗೇ ನೋಡಿದ. ಅದು ಇನ್ನೊಂದು ಕಣ್ಣು.

"ಗುಜರಿಯವನಿಗೆ ನಿಮ್ಮ ಹುಡುಗನ ಕಣ್ಣು ಎಲ್ಲಿ ಬರುತ್ತೆ ಅಂತ ಮೊದಲೇ ಗೊತ್ತಿತ್ತಾ ಅಮ್ಮಾ?"

ಅವಳು ಸ್ಟೂಲಿನ ಮೇಲೆ ಕೂತಳು. ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು.

"ಕೊರೆದ ಗೆರೆ ಬೇಡ ಅಂದ್ರೆ ಕೆರೆದು ತೆಗೀಬೇಕು," ಎಂದಳು ಕೊನೆಗೆ. "ಕೆರೆದ ಕಡೆ ತಾಮ್ರ ತಗ್ಗಾಗುತ್ತೆ. ತಗ್ಗಿನಲ್ಲಿ ಮಸಿ ನಿಲ್ಲುತ್ತೆ. ಅದಕ್ಕೇ ಹಿಂದಿನಿಂದ ಬಡಿದು ಸಮ ಮಾಡ್ತೀವಿ. ಆಮೇಲೆ ಅದರ ಮೇಲೆ ಹೊಸದಾಗಿ ಕೊರೆಯೋದು. ಮುಂದಿನಿಂದ ಯಾರಿಗೂ ಗೊತ್ತಾಗಲ್ಲ."

"ಅಂದ್ರೆ ಮೊದಲು ಕಣ್ಣು..."

"ತೆರೆದಿತ್ತು."

ನಿಧಾನಪ್ಪನ ಎದೆಯಲ್ಲಿ ವಾರದಿಂದ ಕೂತಿದ್ದ ಕಲ್ಲೊಂದು ಇಳಿಯಿತು. ಹುಡುಗ ಬದುಕಿದ್ದ. ಅವಳೆದುರು ಕೂತು, ಕಣ್ಣು ಬಿಟ್ಟು ನೋಡಿದ್ದ. ಕೆಳಗೆ ಬೆಂಚಿನ ಮೇಲಿದ್ದ ಮುದುಕರಿಗೆ ಇಷ್ಟನ್ನಾದರೂ ಕೊಡಬಹುದು.

"ನಿಮ್ಮನ್ನ ಯಾರು ಕಳಿಸಿದ್ದು?" ಎಂದಳು.

"ಅವನ ಅಪ್ಪ. ಎಷ್ಟೋ ವರ್ಷದಿಂದ ಹುಡುಕ್ತಿದ್ದಾರೆ ಪಾಪ."

ಅವಳು ನಕ್ಕಳು. ನಗುತ್ತಿದ್ದ ಹಾಗೇ ಮುಖ ಸುಕ್ಕಾಯಿತು.

"ಪಾಪ! ಹುಡುಕ್ತಿದ್ದಾರಾ? ಅವರಿಗೆ ಸಿಕ್ಕಿದ್ದನಲ್ಲ ಸ್ವಾಮೀ. ನಾನೇ ಅಂಗಡಿಗೆ ಹೋಗಿ ಅವರನ್ನ ಕರ್ಕೊಂಡು ಬಂದಿದ್ದೆ."

ನಿಧಾನಪ್ಪನ ನಿಧಾನಕ್ಕೆ ಒಂದು ಲಾಭವಿತ್ತು. ಎದುರಿಗಿದ್ದವರೇ ಮುಂದಿನ ಮಾತು ಹೇಳಿಬಿಡುತ್ತಿದ್ದರು.

"ಬಟನ್ ಅಂತ ಕರೀತಿದ್ರು ಅವನನ್ನ. ಚಿಕ್ಕವನಿದ್ದಾಗ ಬಟನ್ ನುಂಗಿದ್ದನಂತೆ. ಒಂದಿನ ಯಾರೋ ದೊಡ್ಡ ಗಿರಾಕಿ ಸೂಟಿಗೆ ಎರಡು ತೋಳೂ ಎಡಗೈದೇ ಕತ್ತರಿಸಿಬಿಟ್ಟ. ಬಟ್ಟೆ ಮಗುಚಿಕೊಳ್ಳೋದು ಮರೆತು. ಅವರಪ್ಪ ಆ ಗಿರಾಕಿ ಎದುರಿಗೇ, ಅಂಗಡಿ ತುಂಬ ಜನ ಇದ್ದಾಗಲೇ, 'ಇವನು ನನ್ನ ಮಗನೇ ಅಲ್ಲ' ಅಂದ್ರು. ಅದೇ ಶರ್ಟಲ್ಲಿ ಎದ್ದು ಬಂದ."

"ನಿಮಗೆ ಹೇಗೆ ಪರಿಚಯ?"

"ಅಚ್ಚಿನ ಯಂತ್ರದ ಚಕ್ರ ತಿರುಗಿಸೋಕೆ ಬಂದ. ಆಮೇಲೆ..." ಅವಳು ತಗಡನ್ನು ತೊಡೆಯ ಮೇಲೆ ಎಳೆದುಕೊಂಡಳು. "ನನ್ನ ಮೊದಲ ಒಳ್ಳೇ ಚಿತ್ರ ಇದು. ಅದಕ್ಕೆ ಮುಂಚೆ ಮಾಡಿದ್ದೆಲ್ಲ ಬರೀ ಕೈ ಚಳಕ. ಅವನ ಆ ಕಣ್ಣು ತಗಡಿನಲ್ಲಿ ಹಾಗೇ ಬಂದುಬಿಡ್ತು. ಮೊದಲ ಅಚ್ಚು ತೆಗೆದು ನೋಡಿ ಇಬ್ರೂ ಕುಣಿದ್ವಿ. ಇದನ್ನ ನೋಡಿದ್ರೆ ಅಪ್ಪ ಕರಗ್ತಾರೆ ಅಂದೆ ನಾನು. ಪೆದ್ದಿ."

"ಮಾಸ್ಟರ್ ಬಂದ್ರಾ?"

"ಬಂದ್ರು. ಆಗ ನಾನು ಬೇರೆ ಕಡೆ ಬಾಡಿಗೆ ಕೋಣೇಲಿದ್ದೆ. ಹೆಗಲ ಮೇಲೆ ಟೇಪು ಹಾಕ್ಕೊಂಡೇ ಬಂದ್ರು. ಇವನು ಒಳಗೆ ಬಾಗಿಲ ಹಿಂದೆ ನಿಂತಿದ್ದ. 'ನಾನು ಬರಲ್ಲ. ಇನ್ನೊಂದು ಸಲ ಅದೇ ಮಾತು ಅಂತಾರಾ ನೋಡ್ತೀನಿ' ಅಂತ. ನಾನು ಅಚ್ಚು ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿದ್ರು. 'ನನ್ನ ಮಗ ಅಲ್ಲ' ಅಂದ್ರು. ಜೋರಾಗಿ ಅಂದ್ರು. ಹೋದ್ರು."

ಅವಳ ದನಿ ಈಗಲೂ ಏರಲಿಲ್ಲ. ಕೂಗಿ ಹೇಳಬೇಕಾದ್ದನ್ನು ಪಿಸುಗುಟ್ಟಿ ಹೇಳುತ್ತಿದ್ದುದೇ ಕೇಳಲು ಕಷ್ಟವಾಗಿತ್ತು.

"ಒಂದು ಮಾತ್ರ ಇವತ್ತಿಗೂ ಅರ್ಥ ಆಗಿಲ್ಲ. ಮಗ ಅಲ್ಲ ಅಂದೋರು ಕಾಗದ ಮಾತ್ರ ವಾಪಸ್ ಕೊಡಲಿಲ್ಲ."

ನಿಧಾನಪ್ಪನ ಕಣ್ಣ ಮುಂದೆ ಒಂದು ಕಂದು ಕೋಟು ಬಂತು. ಹಲಗೆಯ ಹಾಗೆ ಸೆಟೆದ ಎಡಭಾಗ.

"ಆಮೇಲೆ?"

"'ನೋಡಿದ್ದು ಸಾಕು, ನನ್ನ ಕಣ್ಣು ಮುಚ್ಚಿಬಿಡು' ಅಂದ. ಆ ರಾತ್ರೀನೇ ಕೆರೆದು ಮುಚ್ಚಿದೆ. ಬೆಳಗ್ಗೆ ಎದ್ದು ಹೋದ. ಎಲ್ಲಿಗೆ ಅಂತ ಗೊತ್ತಿಲ್ಲ."

"ಕೆಳಗಡೆ ಇನ್ನೊಂದಿಷ್ಟು ಏಟು ಇದೆಯಲ್ಲ?"

"ಅಲ್ಲಿ ಆಸಿಡ್ ಜಾಸ್ತಿ ಕಚ್ಚಿತ್ತು. ಸರಿ ಮಾಡಿದೆ." ಅವಳು ಎದ್ದಳು. ಡ್ರಾಯರಿನಿಂದ ತೆಳು ಕಾಗದದಲ್ಲಿ ಸುತ್ತಿದ ಒಂದು ಅಚ್ಚನ್ನು ತೆಗೆದು ಅವನ ಕೈಗಿಟ್ಟಳು. ಪ್ರದರ್ಶನದಲ್ಲಿದ್ದ ಚಿತ್ರವೇ, ಕಣ್ಣು ಮುಚ್ಚಿದ್ದು. "ಅವರಿಗೆ ಇದನ್ನ ಕೊಡಿ. ಅವರು ಮಾಡಿದ್ದು ಇದು ಅಂತ ಹೇಳಿ. ಇನ್ನೊಂದು ಸಲ ಯಾರೂ ಇಲ್ಲಿಗೆ ಬರೋದು ಬೇಡ."

ಬಾಗಿಲ ಹತ್ತಿರ ಅವನು ಮತ್ತೆ ಹಗ್ಗಕ್ಕೆ ತಾಗಿದ. ಅವಳು ಬೆಚ್ಚಿ ಒಳಕೋಣೆಯ ಕಡೆ ನೋಡಿದಳು.

*

ಮಾಸ್ಟರ್ ಕೂತಲ್ಲೇ ಕೂತಿದ್ದರು. ನಿಧಾನಪ್ಪ ಬಂದು ಪಕ್ಕದಲ್ಲಿ ಕೂತ. ಸಿಟ್ಟು ಬರಬೇಕಾಗಿತ್ತು. ವಾರಗಟ್ಟಲೆ ತನ್ನನ್ನು ಸುತ್ತಾಡಿಸಿದ ಮನುಷ್ಯ. ಆದರೆ ಆ ಕುತ್ತಿಗೆಯ ಹಿಂದಿನ ಸುಕ್ಕು ನೋಡಿ ಸಿಟ್ಟು ಎಲ್ಲೋ ಜಾರಿಹೋಯಿತು.

"ಮಲಗಿದ್ನಾ ಸಾರ್?"

"ಕೋಟು ಬಿಚ್ಚಿ ಮಾಸ್ಟರ್."

ಮಾಸ್ಟರ್ ಅವನ ಮುಖ ನೋಡಿದರು. ಕೋಟು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡರು. ಜೇಬಿನಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದು ಅಸ್ತರಿನ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದರು. ಗಿರಾಕಿಯ ಬಟ್ಟೆ ಬಿಚ್ಚುವಷ್ಟೇ ಜೋಪಾನ.

ಒಳಗಿನಿಂದ ದಪ್ಪ ಕಾಗದ ಹೊರಬಂತು. ನಡುವೆ ಒಂದೇ ಮಡಿಕೆ. ಬಿಚ್ಚಿ ಬೆಂಚಿನ ಮೇಲೆ ಹರಡಿದರು.

ಹುಡುಗನ ಕಣ್ಣು ತೆರೆದಿತ್ತು. ಅವಳು ಸುಳ್ಳು ಹೇಳಿರಲಿಲ್ಲ, ನಿಜಕ್ಕೂ ಆ ಕಣ್ಣು ಬಂದುಬಿಟ್ಟಿತ್ತು. ಬೈಸಿಕೊಂಡು ಬಂದವನ ಕಣ್ಣು. ಈಗಲೋ ಆಗಲೋ ಯಾರಾದರೂ ಕರೆಯುತ್ತಾರೆ ಎಂದು ಕಾಯುವ ಕಣ್ಣು. ನಿಧಾನಪ್ಪ ಮುಖ ಬೇರೆ ಕಡೆ ತಿರುಗಿಸಿದ.

"ಅವನು ಒಳಗಿದ್ದ ಅಂತ ನಿಮಗೆ ಗೊತ್ತಿತ್ತಾ?"

"ಚಪ್ಪಲಿ ನೋಡಿದೆ ಸಾರ್, ಬಾಗಿಲ ಹತ್ರ. ಎಡಗಾಲಿಂದು ಯಾವಾಗಲೂ ಹೊರಗಡೆ ಸವೆಯೋದು ಅವಂದು."

"ಗೊತ್ತಿದ್ದೂ?"

"ರೋಷಕ್ಕಾದ್ರೂ ಹೊರಗೆ ಬರ್ತಾನೆ ಅಂದ್ಕೊಂಡೆ." ಮಾಸ್ಟರ್ ಕಾಗದದ ಮೇಲೆ ಬಿದ್ದ ಹನಿಯನ್ನು ಅವಸರವಾಗಿ ಒರೆಸಿದರು. "ಬಂದು 'ಯಾಕಪ್ಪಾ ಹಾಗಂತೀಯ' ಅಂತ ಜಗಳ ಮಾಡಿದ್ರೆ ಸಾಕಾಗಿತ್ತು. ಅಪ್ಪಿಕೊಂಡುಬಿಡ್ತಿದ್ದೆ. ಬರಲಿಲ್ಲ. ಮೆಟ್ಟಿಲು ಇಳಿಯೋವಾಗ್ಲೂ ಒಂದೊಂದೇ ಇಳಿದೆ ಸಾರ್, ಹಿಂದೆ ಬರ್ತಾನೇನೋ ಅಂತ."

"ಕರೀಬಹುದಾಗಿತ್ತಲ್ಲ ಮಾಸ್ಟರ್. ಹೆಸರು ಹಿಡಿದು ಒಂದು ಸಲ."

"ಕರೀಬಹುದಾಗಿತ್ತು."

ಅವರು ಅಷ್ಟನ್ನೇ ಹೇಳಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ, ಅದನ್ನು ಹೊಲಿಯುವ ಸೂಜಿ ಯಾವ ಟೈಲರ್ ಹತ್ತಿರವೂ ಇಲ್ಲ. ಅಪ್ಪ ಬಾಗಿಲ ಈಚೆ ಕಾದ, ಮಗ ಆಚೆ ಕಾದ. ನಡುವೆ ಒಂದು ಬಾಡಿಗೆ ಮನೆಯ ಬಾಗಿಲು. ನಿಧಾನಪ್ಪನಿಗೆ ಇಬ್ಬರನ್ನೂ ಹಿಡಿದು ಬಾರಿಸಬೇಕು ಎನಿಸಿತು, ಇಬ್ಬರಿಗಾಗಿಯೂ ಅಳು ಬಂತು.

"ಎಂಟು ದಿನ ಬಿಟ್ಟು ಹೋದೆ. ಬೀಗ ಹಾಕಿತ್ತು. ಕೋಣೆ ಖಾಲಿ ಮಾಡಿದ್ರು. ಅವಳಿಗೆ, ನನ್ನ ಮನೆಯವಳಿಗೆ, ಹೇಳಲೇ ಇಲ್ಲ ಸಾರ್. ಸಾಯೋವರೆಗೂ ಅವನ ತಟ್ಟೆ ತೊಳೆದಿಟ್ಟು, ತೊಳೆದಿಟ್ಟು..." ಮಾಸ್ಟರ್ ನಿಲ್ಲಿಸಿದರು. "ಪೇಪರಲ್ಲಿ ಆಕೆ ಹೆಸರು ನೋಡ್ದೆ. ಎದುರಿಗೆ ಹೋಗೋಕೆ ಮುಖ ಇರಲಿಲ್ಲ. ಅದಕ್ಕೇ ನಿಮ್ಮನ್ನ ಹಿಡಿದೆ."

ನಿಧಾನಪ್ಪ ತನ್ನ ಕೈಯಲ್ಲಿದ್ದ ಅಚ್ಚಿನ ತೆಳು ಕಾಗದ ಬಿಡಿಸಿದ. ತೋರಿಸದೆ ಇರಬಹುದಾಗಿತ್ತು. ಆದರೆ ಈ ಕೇಸಿನಲ್ಲಿ ಮುಚ್ಚಿಟ್ಟದ್ದು ಸಾಕಾಗಿತ್ತು.

"ಆ ರಾತ್ರೀನೇ ಕಣ್ಣು ಮುಚ್ಚಿದ್ರಂತೆ. ಅವನೇ ಕೇಳಿದನಂತೆ. ಬೆಳಗ್ಗೆ ಹೊರಟುಹೋದನಂತೆ."

ಎರಡೂ ಅಚ್ಚುಗಳು ಬೆಂಚಿನ ಮೇಲೆ ಅಕ್ಕಪಕ್ಕ ಮಲಗಿದವು. ಒಂದೇ ತಗಡು, ಒಂದೇ ಹುಡುಗ. ಅದೇ ಕೂದಲು, ಅದೇ ತುಟಿ. ಕಣ್ಣು ಮಾತ್ರ ಬೇರೆ.

ನಿಧಾನಪ್ಪ ಕಣ್ಣುಗಳಿಂದ ಕೆಳಗಿಳಿದು ನೋಡಿದ. ನೋಡುತ್ತ ನೋಡುತ್ತ ಅವನ ಕೈ ತನ್ನ ಕುತ್ತಿಗೆಗೆ ಹೋಯಿತು.

ಮಾಸ್ಟರರ ಅಚ್ಚಿನಲ್ಲಿ ಹುಡುಗನ ಕಾಲರಿನ ಮಡಿಕೆ ಸವೆದು ನೂಲೆದ್ದಿತ್ತು. ಕಲಾವಿದೆ ಕೊಟ್ಟ ಅಚ್ಚಿನಲ್ಲಿಯೂ ನೂಲು ಎದ್ದಿತ್ತು. ಆದರೆ ಎದ್ದ ಜಾಗ ಬೇರೆ. ಕಾಲರಿನ ಬುಡದುದ್ದಕ್ಕೂ ಓರೆಯಾದ ಸಣ್ಣ ಸಣ್ಣ ಗೆರೆಗಳು, ಮೊದಲನೆಯದರಲ್ಲಿ ಇಲ್ಲದವು. ತಗಡಿನ ಬೆನ್ನ ಮೇಲೆ ಕೆಳಗಿದ್ದ ಏಟುಗಳ ಗುಂಪು ಅವನಿಗೆ ನೆನಪಾಯಿತು. ಅದು ಬಿದ್ದದ್ದು ಸರಿಯಾಗಿ ಇಲ್ಲೇ, ಕಾಲರಿನ ಹಿಂದೆ. ಆಸಿಡ್ ಜಾಸ್ತಿ ಕಚ್ಚಿತ್ತಂತೆ!

"ಮಾಸ್ಟರ್. ಈ ಓರೆ ಗೆರೆ ಏನು?"

ಮಾಸ್ಟರ್ ಕನ್ನಡಕ ಏರಿಸಿ ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು.

"ಕೈಹೊಲಿಗೆ," ಎಂದರು. "ಕಾಲರ್ ತಿರುಗಿಸಿದ್ದಾನೆ. ನಾನೇ ಕಲಿಸಿದ ಹೊಲಿಗೆ, ಓರೆ ಹೊಲಿಗೆ. ಗಂಟು ಒಳಗೆ ಬಚ್ಚಿಡೋದು... ಚೆನ್ನಾಗಿ ಹಾಕಿದ್ದಾನೆ ಸಾರ್. ಒಂದೂ ತಪ್ಪಿಲ್ಲ." ಅವರ ಮುಖದಲ್ಲಿ ಕ್ಷಣಕಾಲ ಹೆಮ್ಮೆ ಬಂದುಹೋಯಿತು. ಆಮೇಲೆ ಬೆರಳು ಮಡಿಕೆಯ ಮೇಲೆ ನಿಂತಿತು. "ತಿರುಗಿಸಿದ ಬದೀನೂ ಸವೆದಿದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದು ಬದಿ ಎರಡು ವರ್ಷ. ತಿರುಗಿಸಿದರೆ ಇನ್ನೆರಡು ವರ್ಷ.

"ಆ ರಾತ್ರಿ ಮುಚ್ಚಿದ ಕಣ್ಣಲ್ಲ ಇದು," ಎಂದ ನಿಧಾನಪ್ಪ.

"ಆಮೇಲೆ ಎರಡು ವರ್ಷ ಆಕೆ ಹತ್ರಾನೇ ಇದ್ದ." ಮಾಸ್ಟರ್ ಮುಚ್ಚಿದ ಕಣ್ಣಿನ ಮೇಲೆ ಬೆರಳಿಟ್ಟರು. "ಹಾಗಾದ್ರೆ ಕಣ್ಣು ಯಾಕೆ ಮುಚ್ಚಿದ್ದಾನೆ ಸಾರ್? ಎರಡು ವರ್ಷ ಆದ್ಮೇಲೆ ಯಾಕೆ ಮುಚ್ಚಿದ್ದಾನೆ?"

ಇಳಿದುಹೋಗಿದ್ದ ಕಲ್ಲು ಮತ್ತೆ ನಿಧಾನಪ್ಪನ ಎದೆಯ ಮೇಲೆ ಬಂದು ಕೂತಿತು. ಒಳ್ಳೆಯ ಮಾತೊಂದನ್ನು ಹುಡುಕುತ್ತಿದ್ದ ಹಾಗೆಯೇ ಪಕ್ಕದ ಜಾಗ ಖಾಲಿಯಾಗಿತ್ತು.

ಮಂಡಿ ಬಿಡದ ಮಾಸ್ಟರ್ ರಸ್ತೆಗೆ ಇಳಿದಿದ್ದರು. ಒಂದು ಬಸ್ ಕಿರುಚಿ ನಿಂತಿತು. ಡ್ರೈವರ್ ಬೈದದ್ದು ಅವರಿಗೆ ಕೇಳಿಸಲಿಲ್ಲ. ಕೋಟಿಲ್ಲದ ಬಡಕಲು ಮೈ ರಸ್ತೆ ದಾಟಿ, ಮೆಟ್ಟಿಲ ಬುಡದಲ್ಲಿ ಕಂಬಿ ಹಿಡಿದು ನಿಂತಿತು.

"ಬಟನ್!"

ಇಪ್ಪತ್ತೆರಡು ವರ್ಷ ತಡವಾಗಿ ಬಂದ ಕೂಗು. ಮೆಟ್ಟಿಲ ಗೋಡೆಗಳಿಗೆ ಬಡಿದು ಮೇಲಕ್ಕೆ ಹೋಯಿತು.

"ಬಟನ್! ನಾನು ಕಣೋ!"

ನಿಧಾನಪ್ಪ ಎರಡೂ ಅಚ್ಚುಗಳನ್ನು ಎದೆಗೆ ಅವುಚಿಕೊಂಡು ಓಡಿ ಬರುವಷ್ಟರಲ್ಲಿ ಮೇಲಿನ ಬಾಗಿಲು ತೆರೆದಿತ್ತು. ಕಲಾವಿದೆ ಹೊರಗೆ ಬಂದು, ಬೆನ್ನ ಹಿಂದೆ ಬಾಗಿಲೆಳೆದುಕೊಂಡು, ಅದಕ್ಕೆ ಒರಗಿ ನಿಂತಳು. ಮುಖವೆಲ್ಲ ಒದ್ದೆ.

"ಕೂಗಬೇಡಿ. ನಿಮ್ಮ ದಮ್ಮಯ್ಯ, ಕೂಗಬೇಡಿ," ಎಂದಳು. "ಅವನಿಗೆ ಕಿವಿ ಚೆನ್ನಾಗೇ ಕೇಳಿಸುತ್ತೆ. ಕಣ್ಣು ಮಾತ್ರ..."

ಮುಂದೆ ಹೇಳಲಾಗದೆ ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು. "ನನ್ನ ಆಸಿಡ್ ಅದು," ಎಂದಳು.

ಆಗ ನಿಧಾನಪ್ಪನಿಗೆ ಎಲ್ಲವೂ ಒಟ್ಟಿಗೆ ಕಂಡಿತು. ಮಣ್ಣು ತುಂಬಿದ ತಟ್ಟೆ. ಅವಳು ಇದ್ದಕ್ಕಿದ್ದ ಹಾಗೆ ಬಿಟ್ಟುಬಿಟ್ಟ ತಾಮ್ರ. ಯಾರಿಗೋ ಕೇಳಿಸಬಾರದೆಂದು ತಗ್ಗಿಸಿದ ದನಿ. ಸೊಂಟದೆತ್ತರದ ಆ ಹಗ್ಗ, ವರ್ಷಗಟ್ಟಲೆ ಒಂದೇ ಅಂಗೈ ಸವರಿ ಸವರಿ ನುಣುಪಾದದ್ದು.

ಮಾಸ್ಟರ್‌ಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರು ಅಳಲಿಲ್ಲ. ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತು, ಮತ್ತೆ ಕಂಬಿ ಹಿಡಿದು ಎದ್ದರು.

ಮೇಲೆ ರೇಡಿಯೋ ನಿಂತಿತು.

ನಿಶ್ಶಬ್ದದಲ್ಲಿ ಹಗ್ಗದ ಮೇಲೆ ಅಂಗೈ ಜಾರುವ ಸದ್ದು ಕೇಳಿಸಿತು. ಗೋಡೆಯುದ್ದಕ್ಕೂ ಅವಸರವಿಲ್ಲದೆ ಬಂತು. ಬಾಗಿಲ ಹಿಂದೆ ಬಂದು ನಿಂತಿತು.

ಮಾಸ್ಟರ್ ಬಾಯಿ ತೆರೆದರು. ಕೋಟಿನೊಳಗೆ ಇಷ್ಟು ವರ್ಷ ಹೊಲಿದಿಟ್ಟುಕೊಂಡು ತಿರುಗಿದ ಮಾತು ಈಗ ಗಂಟಲು ದಾಟಲಿಲ್ಲ.

ಬಾಗಿಲ ಹಿಂದಿನಿಂದ ಗಂಡಸಿನ ದನಿಯೊಂದು ಸಮಾಧಾನವಾಗಿ ಕೇಳಿತು:

"ಅವರಿಗೆ ಯಾರು ಬೇಕಂತೆ, ಕೇಳು."